ನೆರಳಿಲ್ಲದ ನಡುಹಗಲು

ಬೇಸಗೆಯ ಮಧ್ಯಾಹ್ನದಲ್ಲಿ ಬೇವಿನ ಮರದ ಕೆಳಗೆ ನಿಂತವರೆಲ್ಲರೂ ನೆಲದ ಮೇಲೆ ಚೆಲ್ಲಿರುವ ಬೆಳಕಿನ ಚುಕ್ಕೆಗಳನ್ನು ಕಂಡಿರುತ್ತಾರೆ. ಎಲೆಗಳ ನಡುವಣ ಸಂದುಗಳು ಒಂದೊಂದು ಒಂದೊಂದು ಆಕಾರದವು. ಕೆಲವು ಮೂರು ಮೂಲೆಯವು, ಕೆಲವು ಬರಿಯ ಸೀಳುಗಳು. ಆದರೂ ಅವುಗಳ ಮೂಲಕ ಇಳಿದ ಬೆಳಕು ನೆಲದ ಮೇಲೆ ದುಂಡಗೆ ಬೀಳುತ್ತದೆ. ಇದಕ್ಕೆ ಕಾರಣವೇನು? ಆ ಚುಕ್ಕೆಗಳು ಸಂದಿನ ಆಕಾರಗಳಲ್ಲ, ಸೂರ್ಯನ ಬಿಂಬಗಳು. ಸೂರ್ಯನ ಪ್ರತಿಯೊಂದು ಭಾಗದಿಂದ ಹೊರಟ ಬೆಳಕು ಸಣ್ಣ ರಂಧ್ರದ ಮೂಲಕ ನೇರವಾಗಿ ಸಾಗಿ ನೆಲದ ಮೇಲೆ ತನ್ನದೇ ಆದ ಸ್ಥಾನದಲ್ಲಿ ಬೀಳುತ್ತದೆ. ರಂಧ್ರದ ಅಗಲಕ್ಕಿಂತ ನೆಲದ ದೂರವು ಬಹಳ ಹೆಚ್ಚಾಗಿರುವಲ್ಲಿ ರಂಧ್ರದ ಆಕಾರ ಮರೆಯಾಗಿ, ಸೂರ್ಯನ ಆಕಾರವೇ ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಈ ಚುಕ್ಕೆಗಳೆಲ್ಲವೂ ಏಕಕಾಲಕ್ಕೆ ಕುಡುಗೋಲುಗಳಾದದ್ದನ್ನು ನಮ್ಮ ಕಾಲೇಜಿನ ಅಂಗಳದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದ್ದೆವು.

ಆ ದಿನ ಅದೊಂದು ವಿನೋದವಾಗಿ ಕಂಡಿತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ದುಂಡು ಚುಕ್ಕೆಯು ನಮಗೂ ನಮ್ಮ ಮೂವರು ವಿದ್ಯಾರ್ಥಿಗಳಿಗೂ ಒಂದು ದೊಡ್ಡ ಆಸರೆಯಾಯಿತು. ಆ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಉತ್ತರವಿಲ್ಲದ ಪ್ರಶ್ನೆ

2020ರ ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲು ಮುಚ್ಚಿಕೊಂಡಿತು. ಕೊರೋನಾ ಸೋಂಕನ್ನು ತಡೆಯುವುದಕ್ಕಾಗಿ ಮೊದಲು 21 ದಿನಗಳೆಂದು ವಿಧಿಸಿದ್ದ ನಿರ್ಬಂಧವು ಮತ್ತೆ ಮೇ 3ರ ವರೆಗೆ ಬೆಳೆಯಿತು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪತ್ರಿಕೆಯೊಂದು ಮಾತ್ರ ಉಳಿದಿತ್ತು. ಮಾರ್ಚ್ 23ರಂದು ನಡೆಯಬೇಕಾಗಿದ್ದ ಆ ಪರೀಕ್ಷೆಯನ್ನು ಮುಂದೂಡಲಾಗಿತ್ತು. ಏಪ್ರಿಲಿನ ಸಾಮಾನ್ಯ ಪ್ರವೇಶ ಪರೀಕ್ಷೆಯೂ, ಮೇ 3ಕ್ಕೆ ಗೊತ್ತಾಗಿದ್ದ ವೈದ್ಯಕೀಯ ಪ್ರವೇಶ ಪರೀಕ್ಷೆಯೂ ಹಾಗೆಯೇ ಮುಂದಕ್ಕೆ ಹೋದವು. ದಿನಕ್ಕೆ ಐದಾರು ಬಾರಿ ದೂರವಾಣಿಯಲ್ಲಿ ಒಂದೇ ಪ್ರಶ್ನೆ: “ಸಾರ್, ಪರೀಕ್ಷೆ ಯಾವಾಗ?” ನಮ್ಮಲ್ಲಿ ಉತ್ತರವಿರಲಿಲ್ಲ.

ಕೇಳುವವರ ಮನೆಗಳಲ್ಲಿ ಇದಕ್ಕಿಂತ ಭಾರವಾದ ಪ್ರಶ್ನೆಗಳಿದ್ದವು. ಬಳ್ಳಾರಿ ನಗರದ ವಿದ್ಯಾರ್ಥಿನಿಯೊಬ್ಬಳ ತಾಯಿ ಜೀನ್ಸ್ ಉಡುಪುಗಳನ್ನು ಹೊಲಿಯುವವರು. ಕೆಲಸ ನಿಂತು ತಿಂಗಳಾಗಿತ್ತು. ಕುರುಗೋಡಿನ ಹುಡುಗನ ತಂದೆ ಗಾರೆ ಕೆಲಸದವರು. ಅವರ ಕರಣಿಯೂ ಮಟ್ಟಗೋಲೂ ಚೀಲದಿಂದ ಹೊರಬಂದಿರಲಿಲ್ಲ. ಸಿರುಗುಪ್ಪದ ಹುಡುಗಿಯ ಮನೆಯವರ ಭತ್ತ ಕಟಾವಿಗೆ ಬಂದಿತ್ತು. ಕೊಯ್ಲು ಯಂತ್ರ ಬರುವುದೋ ಇಲ್ಲವೋ, ಬಂದರೂ ಕಾಳಿಗೆ ಬೆಲೆ ಸಿಕ್ಕುವುದೋ ಇಲ್ಲವೋ ಎಂಬ ಚಿಂತೆ. ಮಕ್ಕಳು ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲವೆಂದು ಹೇಳುತ್ತಿದ್ದರು. ನಿಜ ಹೇಳುವುದಾದರೆ ನಮಗೂ ಹತ್ತುತ್ತಿರಲಿಲ್ಲ.

ಒಂದು ಸಂಜೆ ಅದೇ ಪ್ರಶ್ನೆ ಬಂದಾಗ ನಾವು ಬೇಸತ್ತು, “ಪರೀಕ್ಷೆ ಯಾವಾಗಲೋ ತಿಳಿಯದು. ಆದರೆ ಸೂರ್ಯ ಬಳ್ಳಾರಿಯ ನೆತ್ತಿಯ ಮೇಲೆ ಬರುವುದು ಮೇ 1ರಂದು, 12 ಗಂಟೆ 19 ನಿಮಿಷಕ್ಕೆ. ಅದನ್ನು ಬೇಕಾದರೆ ಬರೆದುಕೊಡುತ್ತೇವೆ” ಎಂದುಬಿಟ್ಟೆವು. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಅನಂತರ, “ಸಿರುಗುಪ್ಪಕ್ಕೆ ಯಾವಾಗ ಸಾರ್?” ಎಂಬ ಪ್ರಶ್ನೆ ಬಂದಿತು. ಪರೀಕ್ಷೆಯ ಮಾತಿಲ್ಲದ ಮೊದಲ ಪ್ರಶ್ನೆ ಅದು.

ಮೂರು ಊರು, ಒಂದು ಗೆರೆ

ಸೂರ್ಯನು ದಿನವೂ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆಂಬುದು ವಾಡಿಕೆಯ ಮಾತು, ವಾಸ್ತವವಲ್ಲ. ಕರ್ನಾಟಕದಲ್ಲಿ ಯಾವ ಊರಿನಲ್ಲಿಯೇ ಆಗಲಿ, ಅವನು ಸರಿಯಾಗಿ ನೆತ್ತಿಯ ಬಿಂದುವಿಗೆ, ಎಂದರೆ ಖಮಧ್ಯಕ್ಕೆ ಬರುವುದು ವರ್ಷದಲ್ಲಿ ಎರಡು ದಿನ ಮಾತ್ರ. ಮಾರ್ಚ್ ತಿಂಗಳಲ್ಲಿ ಭೂಮಧ್ಯರೇಖೆಯ ಮೇಲಿರುವ ಸೂರ್ಯನು ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತ ಜೂನ್ ತಿಂಗಳಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಮುಟ್ಟಿ ಹಿಂದಿರುಗುತ್ತಾನಷ್ಟೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮ ಅಕ್ಷಾಂಶವನ್ನು ದಾಟುತ್ತಾನೆ. ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ.

ಬಳ್ಳಾರಿಯ ಅಕ್ಷಾಂಶ ಉತ್ತರ 15.14 ಡಿಗ್ರಿ, ಕುರುಗೋಡಿನದು 15.35, ಸಿರುಗುಪ್ಪದ್ದು 15.63. ರೇಖಾಂಶದಲ್ಲಿ ಇವು ಮೂರೂ 77 ಡಿಗ್ರಿಗೆ ಸ್ವಲ್ಪ ಒಳಗೆ, ಹತ್ತಿರ ಹತ್ತಿರ ಒಂದೇ ಗೆರೆಯಲ್ಲಿವೆ. ಆದುದರಿಂದ ಮೂರು ಊರುಗಳಿಗೂ ನಡುಹಗಲು ಹೆಚ್ಚುಕಡಮೆ ಒಂದೇ ಕ್ಷಣದಲ್ಲಿ ಆಗುತ್ತದೆ. ಭಾರತದ ಗಡಿಯಾರವು 82.5 ಡಿಗ್ರಿ ರೇಖಾಂಶವನ್ನು ಅನುಸರಿಸುವುದರಿಂದ ನಮ್ಮ ನಡುಹಗಲು ಹನ್ನೆರಡು ಹೊಡೆದು ಸುಮಾರು ಇಪ್ಪತ್ತು ನಿಮಿಷದ ಮೇಲೆ ಬರುತ್ತದೆ.

ಮೇ ಮೊದಲ ವಾರದಲ್ಲಿ ಸೂರ್ಯನು ದಿನಕ್ಕೆ 0.3 ಡಿಗ್ರಿಯಂತೆ ಉತ್ತರಕ್ಕೆ ಸರಿಯುತ್ತಾನೆ. ಇದನ್ನು ನೆಲದ ಮೇಲಿನ ದೂರಕ್ಕೆ ತಿರುಗಿಸಿದರೆ ದಿನಕ್ಕೆ ಸುಮಾರು 33 ಕಿಲೋಮೀಟರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಗೆರೆ ಎಳೆದಂತೆ ಅಳೆದರೆ 54 ಕಿಲೋಮೀಟರು. ಬಸ್ಸು ಎರಡು ಗಂಟೆಯೊಳಗೆ ಮುಗಿಸುವ ಈ ಹಾದಿಗೆ ನೆತ್ತಿಯ ಸೂರ್ಯನು ಒಂದೂವರೆ ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾನೆ. ಆದಕಾರಣ ಬಳ್ಳಾರಿಗೆ ಮೇ 1 ನೆರಳಿಲ್ಲದ ದಿನವಾದರೆ ಸಿರುಗುಪ್ಪಕ್ಕೆ ಮೇ 2.

ಈ ವ್ಯತ್ಯಾಸದಲ್ಲಿಯೇ ಭೂಮಿಯ ಗಾತ್ರವು ಅಡಗಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೊಸ್ತನೀಸನೆಂಬ ವಿದ್ವಾಂಸನು ಈಜಿಪ್ಟಿನ ಸೈಯೀನ್ ಊರಿನಲ್ಲಿ ಬೇಸಗೆಯ ಒಂದು ನಡುಹಗಲು ಬಾವಿಯ ತಳಕ್ಕೆ ಬಿಸಿಲು ಬೀಳುವುದೆಂದು ಕೇಳಿದ್ದನು. ಅದೇ ಸಮಯದಲ್ಲಿ ಅಲೆಕ್ಸಾಂಡ್ರಿಯದಲ್ಲಿ ನೆರಳಿನ ಕೋನವು ಪೂರ್ಣವೃತ್ತದ ಐವತ್ತನೆಯ ಒಂದು ಭಾಗವಾಗಿತ್ತು. ಹಾಗಾದರೆ ಆ ಎರಡು ಊರುಗಳ ನಡುವಣ ದೂರದ ಐವತ್ತರಷ್ಟು ಭೂಮಿಯ ಸುತ್ತಳತೆ. ನಮ್ಮ ದೇಶದ ಜ್ಯೋತಿಷಿಗಳಿಗೂ ಶಂಕುವೆಂಬ ಈ ನೆಟ್ಟ ಕೋಲು ಪರಿಚಿತವೇ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ನೆರಳಿನ ಲೆಕ್ಕಗಳಿಗೆಂದೇ ಒಂದು ಪ್ರಕರಣವಿದೆ. ಮೂವರು ಹುಡುಗರು, ಮೂರು ಊರು, ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಭೂಮಿಯನ್ನು ಅಳೆಯೋಣವೆಂದು ಗೊತ್ತುಮಾಡಿದೆವು.

ಕೋಲು ಕೈಕೊಟ್ಟಿತು

ಏಪ್ರಿಲ್ 26ರಂದು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲುಗಳನ್ನು ನೆಟ್ಟು ಮೊದಲ ಪ್ರಯತ್ನವಾಯಿತು. ಲೆಕ್ಕದಂತೆ ಆ ದಿನ ಬಳ್ಳಾರಿಯಲ್ಲಿ ನೆರಳು 25 ಮಿಲಿಮೀಟರು, ಸಿರುಗುಪ್ಪದಲ್ಲಿ 34 ಮಿಲಿಮೀಟರು ಇರತಕ್ಕದ್ದು. ಬೇಕಾಗಿದ್ದುದು ಇವೆರಡರ ವ್ಯತ್ಯಾಸ. ನಮ್ಮ ಹುಡುಗರಿಗೆ ಮೊದಲ ದಿನ ದೊರೆತ ವ್ಯತ್ಯಾಸ 6 ಮಿಲಿಮೀಟರು, ಮರುದಿನ 12. ಮೊದಲನೆಯದರಿಂದ ಭೂಮಿಯ ಸುತ್ತಳತೆ 56,500 ಕಿಲೋಮೀಟರು ಬಂದರೆ, ಎರಡನೆಯದರಿಂದ 28,000 ಬಂದಿತು. ಒಂದೇ ರಾತ್ರಿಯಲ್ಲಿ ಭೂಮಿ ಅರ್ಧಕ್ಕಿಳಿದಿತ್ತು!

ತಪ್ಪು ಹುಡುಗರದಲ್ಲ. ನೆರಳಿನ ತುದಿಯನ್ನು ಹತ್ತಿರದಿಂದ ನೋಡಿದವರಿಗೆ ತಿಳಿದೀತು: ಅದಕ್ಕೆ ಅಂಚೇ ಇಲ್ಲ. ಸೂರ್ಯನು ಒಂದು ಬಿಂದುವಲ್ಲ. ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಅಗಲವಾದ ಬಿಂಬ. ಆದುದರಿಂದ ದಟ್ಟ ನೆರಳಿಗೂ ಪೂರ್ಣ ಬಿಸಿಲಿಗೂ ನಡುವೆ ಅರೆನೆರಳಿನ ಒಂದು ಪಟ್ಟಿಯಿರುತ್ತದೆ. ಒಂದು ಮೀಟರ್ ಕೋಲಿಗೆ ಆ ಪಟ್ಟಿಯ ಅಗಲವು ಸುಮಾರು 9 ಮಿಲಿಮೀಟರು. ನಾವು ಅಳೆಯಬೇಕಾಗಿದ್ದುದೂ 9 ಮಿಲಿಮೀಟರೇ! ಎಂದರೆ ನಮ್ಮ ಅಳತೆಯಷ್ಟೇ ನಮ್ಮ ಅನುಮಾನವೂ ಇದ್ದಿತು. ಕೋಲನ್ನು ಉದ್ದಮಾಡಿದರೆ ನೆರಳಿನ ಜೊತೆಗೆ ಅರೆನೆರಳೂ ಅಷ್ಟೇ ಬೆಳೆಯುವುದರಿಂದ ಅದರಿಂದಲೂ ಪ್ರಯೋಜನವಿಲ್ಲ.

ಇಲ್ಲಿ ಬೇವಿನ ಮರವು ನೆನಪಿಗೆ ಬಂದಿತು. ನೆರಳಿನ ಅಂಚು ಮಸುಕು; ಆದರೆ ಬೆಳಕಿನ ಬಿಂಬವು ದುಂಡು. ದುಂಡಾದ ಬಿಂಬದ ಎರಡು ಅಂಚುಗಳನ್ನು ಗುರುತಿಸಿ ನಡುವನ್ನು ಕಂಡುಹಿಡಿದರೆ, ಎರಡು ಕಡೆಯ ಮಸುಕೂ ಒಂದನ್ನೊಂದು ಸರಿದೂಗಿಸುತ್ತದೆ. ಆದುದರಿಂದ ಕೋಲನ್ನು ಬಿಟ್ಟು ರಂಧ್ರವನ್ನು ಹಿಡಿಯಬೇಕು. ಕಾಸಿನಿ ಎಂಬ ಖಗೋಳಶಾಸ್ತ್ರಜ್ಞನು 1655ರಲ್ಲಿ ಇಟಲಿಯ ಬೊಲೋನ್ಯ ನಗರದ ಸಾನ್ ಪೆಟ್ರೋನಿಯೊ ದೇವಾಲಯದ ಛಾವಣಿಯಲ್ಲಿ, 27 ಮೀಟರ್ ಎತ್ತರದಲ್ಲಿ ರಂಧ್ರವಿರಿಸಿ ಸೂರ್ಯನನ್ನು ಅಳೆದದ್ದೂ ಈ ಉಪಾಯದಿಂದಲೇ. ನಮಗೆ ದೇವಾಲಯ ಬೇಕಿರಲಿಲ್ಲ. ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದ್ದೇ ಇದೆಯಲ್ಲವೆ?

ಬೆಳಕಿಂಡಿ, ದಬ್ಬಣ, ತೂಗುಗುಂಡು

ಮಾಡಬೇಕಾದ ಕೆಲಸ ಇಷ್ಟು. ಬೆಳಕಿಂಡಿಯನ್ನು ದಪ್ಪ ರಟ್ಟಿನಿಂದ ಮುಚ್ಚಿ, ಅದರ ನಡುವೆ ಸಣ್ಣ ರಂಧ್ರ ಮಾಡಬೇಕು. ರಂಧ್ರದಿಂದ ತೂಗುಗುಂಡನ್ನು ಇಳಿಬಿಟ್ಟು, ರಂಧ್ರದ ಸರಿಕೆಳಗಿನ ಬಿಂದುವನ್ನು ನೆಲದ ಮೇಲೆ ಗುರುತಿಸಬೇಕು. ನಡುಹಗಲಿಗೆ ಐದು ನಿಮಿಷ ಮೊದಲಿನಿಂದ ಐದು ನಿಮಿಷ ಅನಂತರದ ವರೆಗೆ, ನಿಮಿಷಕ್ಕೊಮ್ಮೆ ಬಿಂಬದ ನಡುವನ್ನು ಗುರುತಿಸಿ, ಆ ಗುರುತುಗಳನ್ನು ಒಂದು ಗೆರೆಯಿಂದ ಕೂಡಿಸಬೇಕು. ತೂಗುಗುಂಡಿನ ಬಿಂದುವಿನಿಂದ ಆ ಗೆರೆಗೆ ಇರುವ ಅತಿ ಕಡಮೆಯ ದೂರವೇ ನಮಗೆ ಬೇಕಾದ ಅಳತೆ. ಗಡಿಯಾರ ಒಂದೆರಡು ನಿಮಿಷ ಹಿಂದುಮುಂದಾಗಿದ್ದರೂ ಚಿಂತೆಯಿಲ್ಲ.

ರಂಧ್ರ ಎಷ್ಟು ದೊಡ್ಡದಿರಬೇಕು? ನಮ್ಮ ಮನೆಯಲ್ಲಿ ಪ್ರಯೋಗಮಾಡಿ ನೋಡಿದೆವು. ಹೊಲಿಗೆ ಸೂಜಿಯ ರಂಧ್ರದಿಂದ ಬಂದ ಬಿಂಬವು ಕಣ್ಣಿಗೆ ಕಾಣದಷ್ಟು ಮಂಕು. ಬೆಳಕು ಅಲೆಯಾದುದರಿಂದ ಅತಿ ಸಣ್ಣ ರಂಧ್ರದಲ್ಲಿ ಅದು ಹರಡಿಯೂ ಹೋಗುತ್ತದೆ. ಪೆನ್ಸಿಲ್ ತೂರುವಷ್ಟಾದರೆ ಅಂಚು ಕದಡುತ್ತದೆ. ಮೂರು ಮೀಟರ್ ಎತ್ತರಕ್ಕೆ ಎರಡರಿಂದ ಮೂರು ಮಿಲಿಮೀಟರು ತಕ್ಕದ್ದು. ಗೋಣಿ ಹೊಲಿಯುವ ದಬ್ಬಣ ಸರಿಯಾಗಿ ಅಷ್ಟೇ ದಪ್ಪ. ಬಳ್ಳಾರಿಯ ಹುಡುಗಿಯ ತಾಯಿ ರಟ್ಟಿನ ಬದಲು ಹಾಲಿನ ಪುಡಿಯ ಡಬ್ಬಿಯ ತೆಳು ತಗಡನ್ನು ತೂತುಮಾಡಿ, ಹಿಂದೆ ಎದ್ದ ಅಂಚನ್ನು ಅರದಿಂದ ಉಜ್ಜಿಕೊಟ್ಟರಂತೆ. ನೆಲದ ಮೇಲಿನ ಗುರುತಿಗೆ ಅವರು ಕೊಟ್ಟ ಬಟ್ಟೆ ಕತ್ತರಿಸುವವರ ಚಪ್ಪಟೆ ಸೀಮೆಸುಣ್ಣದ ಗೆರೆ ನಮ್ಮ ಕಾಲೇಜಿನ ಸೀಮೆಸುಣ್ಣದ ಗೆರೆಗಿಂತ ಬಹು ತೆಳುವಾಗಿತ್ತು.

ಕುರುಗೋಡಿನಲ್ಲಿ ಒಂದು ತೊಡಕಾಯಿತು. ಹುಡುಗನು ದಾರಕ್ಕೆ ಕೀಲಿಕೈಯೊಂದನ್ನು ಕಟ್ಟಿ ತೂಗುಗುಂಡು ಮಾಡಿಕೊಂಡಿದ್ದನು. ಮಗನ ಆಟವನ್ನು ಹಾಸಿಗೆಯ ಮೇಲಿಂದಲೇ ನೋಡುತ್ತಿದ್ದ ತಂದೆ ಎದ್ದು ಬಂದು, ದೂರವಾಣಿಯನ್ನು ಕೈಗೆ ತೆಗೆದುಕೊಂಡು, “ಕೀಲಿಕೈ ತುದಿ ದಾರದ ನೇರಕ್ಕಿಲ್ಲ ಸಾರ್. ಗ್ವಾಡೆ ಹಿಂಗ ಎಬ್ಬಿಸಿದ್ರೆ ನಿಲ್ತೈತೇನ್ರಿ?” ಎಂದರು.

ನಾವು ವರ್ಷಗಟ್ಟಲೆ ಗುರುತ್ವಕೇಂದ್ರದ ಪಾಠ ಹೇಳಿದವರು. ಆದರೂ ನಮಗದು ಹೊಳೆದಿರಲಿಲ್ಲ. ತೂಗುವ ವಸ್ತುವಿನ ಗುರುತ್ವಕೇಂದ್ರವು ದಾರದ ಸರಿಕೆಳಗೆ ಬಂದು ನಿಲ್ಲುವುದು ದಿಟ. ಆದರೆ ಕೀಲಿಕೈಯಂತಹ ಸೊಟ್ಟ ವಸ್ತುವಿನ ತುದಿಯೂ ಅಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ತುದಿಯು ಪಕ್ಕಕ್ಕೆ ಸರಿದಿತ್ತು. ಮಿಲಿಮೀಟರುಗಳನ್ನು ಎಣಿಸುವ ಕೆಲಸದಲ್ಲಿ ಅಷ್ಟು ಸಾಕು ಎಲ್ಲ ಕೆಡುವುದಕ್ಕೆ. ಅವರು ಐದು ವಾರಗಳಿಂದ ಮುಟ್ಟದಿದ್ದ ಚೀಲವನ್ನು ಬಿಚ್ಚಿ ತಮ್ಮ ಹಿತ್ತಾಳೆಯ ಗುಂಡನ್ನು ಹೊರತೆಗೆದರು. ಹುರಿ ಬಿಚ್ಚಿಕೊಂಡು ಸುತ್ತುವ ನೂಲನ್ನು ತೆಗೆಸಿ ತಮ್ಮ ದಾರವನ್ನೇ ಕಟ್ಟಿದರು, ಗುಂಡಿನ ಮೊನೆಯನ್ನು ನೆಲಕ್ಕೆ ಅಕ್ಕಿಕಾಳಿನಷ್ಟು ಮೇಲೆ ನಿಲ್ಲಿಸಿದರು, ಪಂಖವನ್ನು ನಿಲ್ಲಿಸಿದರು. ಬಳ್ಳಾರಿ ಸೀಮೆಯ ಮೇ ತಿಂಗಳಲ್ಲಿ ಪಂಖ ನಿಲ್ಲಿಸುವುದೆಂದರೆ ವಿಜ್ಞಾನಕ್ಕಾಗಿ ಮಾಡಿದ ತ್ಯಾಗವೆಂದೇ ಹೇಳಬೇಕು. ಒಂದೇ ಬಾರಿ ಗುರುತು ಹಾಕಿದರೆ ನಂಬಬಾರದು, ಮೂರು ಬಾರಿ ಇಳಿಬಿಟ್ಟು ನೋಡಬೇಕೆಂದು ಅವರೇ ಹೇಳಿದರು. ಪ್ರಯೋಗಶಾಲೆಯಲ್ಲಿ ನಾವು ಹೇಳುವ ಮಾತೂ ಅದೇ. ನೆಲವು ಸಮವಾಗಿದೆಯೇ ಎಂದು ನೋಡುವ ರಸಮಟ್ಟದ ಉಪಾಯವನ್ನು ಆ ಸಂಜೆ ಅವರು ಉಳಿದಿಬ್ಬರಿಗೂ ದೂರವಾಣಿಯಲ್ಲಿ ವಿವರಿಸಿದರು. ಅಂದು ಅಪ್ಪ ಬಹಳ ದಿನದ ಮೇಲೆ ಹೊಟ್ಟೆತುಂಬ ಊಟಮಾಡಿದರೆಂದು ಹುಡುಗನು ನಮಗೆ ಆಮೇಲೆ ತಿಳಿಸಿದನು.

ಮೇ ಒಂದು

ಮೇ 1ರಂದು ಮೂರು ಮನೆಗಳಲ್ಲಿಯೂ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಕತ್ತಲು ಮಾಡಿದರು. ರಂಧ್ರದ ಮೂಲಕ ಸೂರ್ಯನನ್ನು ಯಾರೂ ನೋಡಕೂಡದು, ನೆಲವನ್ನೇ ನೋಡಬೇಕೆಂದು ಕಟ್ಟಪ್ಪಣೆ ಮಾಡಿದ್ದೆವು. 12 ಗಂಟೆ 14 ನಿಮಿಷಕ್ಕೆ ಗುರುತು ಹಾಕಲು ಆರಂಭ. ಬಿಂಬವು ನಿಂತಲ್ಲಿ ನಿಲ್ಲುವುದಿಲ್ಲ. ಮೂರು ಮೀಟರ್ ಎತ್ತರದ ರಂಧ್ರವಾದರೆ ನಿಮಿಷಕ್ಕೆ 13 ಮಿಲಿಮೀಟರು ಪೂರ್ವಕ್ಕೆ ಹರಿಯುತ್ತದೆ. ಭೂಮಿ ತಿರುಗುವುದನ್ನು ತಾವು ಕಣ್ಣಾರೆ ಕಂಡದ್ದು ಅಂದೇ ಎಂದು ಸಿರುಗುಪ್ಪದ ಹುಡುಗಿ ಹೇಳಿದಳು. ಕುರುಗೋಡಿನಲ್ಲಿ ಮೋಡವೊಂದು ಅಡ್ಡಬಂದು ಮೂರು ಗುರುತುಗಳು ತಪ್ಪಿದವು; ಉಳಿದವುಗಳಿಂದಲೇ ಗೆರೆ ಎಳೆದರು.

ಅಳತೆಗಳು ಹೀಗಿದ್ದವು. ಬಳ್ಳಾರಿಯಲ್ಲಿ ರಂಧ್ರದ ಎತ್ತರ 2,900 ಮಿಲಿಮೀಟರು. ಬಿಂಬದ ಹಾದಿ ಗುಂಡಿನ ಬಿಂದುವಿಗೆ 5 ಮಿಲಿಮೀಟರು ದಕ್ಷಿಣಕ್ಕೆ. ಸೂರ್ಯನು ಆಗಲೇ ನೆತ್ತಿಯನ್ನು ಕೂದಲೆಳೆಯಷ್ಟು ದಾಟಿದ್ದನು. ಕುರುಗೋಡಿನಲ್ಲಿ ಎತ್ತರ 2,700. ಹಾದಿ 6 ಮಿಲಿಮೀಟರು ಉತ್ತರಕ್ಕೆ. ಸಿರುಗುಪ್ಪದಲ್ಲಿ ಎತ್ತರ 3,000. ಹಾದಿ 20 ಮಿಲಿಮೀಟರು ಉತ್ತರಕ್ಕೆ. ಬಳ್ಳಾರಿಯ ಕೋನ 0.099 ಡಿಗ್ರಿ, ಸಿರುಗುಪ್ಪದ್ದು 0.382 ಡಿಗ್ರಿ. ಇವು ನೆತ್ತಿಯ ಎರಡು ಬದಿಗಳಲ್ಲಿರುವುದರಿಂದ ಕೂಡಿಸಬೇಕು: 0.481 ಡಿಗ್ರಿ. ಇಷ್ಟು ಕೋನಕ್ಕೆ 54 ಕಿಲೋಮೀಟರಾದರೆ 360 ಡಿಗ್ರಿಗೆ ಎಷ್ಟು? ಸುಮಾರು 40,400 ಕಿಲೋಮೀಟರು.

ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ 40,008 ಕಿಲೋಮೀಟರು. ಈ ಸಂಖ್ಯೆ ನಲವತ್ತು ಸಾವಿರಕ್ಕೆ ಇಷ್ಟು ಹತ್ತಿರವಿರುವುದು ಆಕಸ್ಮಿಕವಲ್ಲ. 1790ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಧ್ರುವದಿಂದ ಭೂಮಧ್ಯರೇಖೆಗೆ ಇರುವ ದೂರದ ಕೋಟಿಯ ಒಂದು ಭಾಗವನ್ನೇ ಮೀಟರೆಂದು ಕರೆದರು.

ಹೆಚ್ಚುಕಡಮೆಯ ಬೆಲೆ

ಹುಡುಗರು ಹಿಗ್ಗಿದರು. ನಾವು ಆ ಹಿಗ್ಗಿಗೆ ತುಸು ನೀರೆರಚಬೇಕಾಯಿತು. ಬಿಂಬದ ನಡುವನ್ನು ಗುರುತಿಸುವಲ್ಲಿ ಒಂದು ಮಿಲಿಮೀಟರಾದರೂ ತಪ್ಪಿರಬಹುದು. ಎರಡು ಊರುಗಳಲ್ಲಿಯೂ ಅಷ್ಟು ತಪ್ಪಿದ್ದು, ಎರಡೂ ಒಂದೇ ಕಡೆಗೆ ಸೇರಿದರೆ ಉತ್ತರದಲ್ಲಿ ನೂರಕ್ಕೆ ಎಂಟರಷ್ಟು ವ್ಯತ್ಯಾಸ ಬರುತ್ತದೆ. ಆದುದರಿಂದ ಪ್ರಾಮಾಣಿಕವಾದ ಉತ್ತರವೆಂದರೆ: 40,400 ಕಿಲೋಮೀಟರು, ಹೆಚ್ಚುಕಡಮೆ 3,200. ಪುಸ್ತಕದ ಸಂಖ್ಯೆಗೆ ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಬಳ್ಳಾರಿ ಕುರುಗೋಡುಗಳ ನಡುವಣ 23 ಕಿಲೋಮೀಟರಿನಿಂದ ಲೆಕ್ಕಹಾಕಿದಾಗ 36,600 ಬಂದಿತು. ದೂರ ಕಡಮೆಯಾದುದರಿಂದ ಅಲ್ಲಿ ಹೆಚ್ಚುಕಡಮೆ ನೂರಕ್ಕೆ ಹದಿನೆಂಟು. ಆ ಮಿತಿಯೊಳಗೆ ಇದೂ ಸುಳ್ಳಲ್ಲ.

ಮೋಡ ಕವಿದ ಕುರುಗೋಡಿನ ಹುಡುಗನಿಗೆ ಇದರಿಂದ ಸಮಾಧಾನವಾಯಿತು. ಆದರೆ ಸಿರುಗುಪ್ಪದ ಹುಡುಗಿಗೆ ಸಂದೇಹ: “ಹಾಗಾದರೆ ನಮಗೆ ಸರಿಯಾಗಿ ಗೊತ್ತಾಗಲೇ ಇಲ್ಲವಲ್ಲ, ಸಾರ್?” ಏಪ್ರಿಲ್ 26ರಂದು ನಮಗೆ ಭೂಮಿ 28,000 ಕಿಲೋಮೀಟರೋ 56,000 ಕಿಲೋಮೀಟರೋ ತಿಳಿಯದು, ಎಷ್ಟು ತಿಳಿಯದೆಂಬುದೂ ತಿಳಿಯದು. ಮೇ 1ರಂದು ಅದು 37,000ಕ್ಕಿಂತ ಕಡಮೆಯಿಲ್ಲ, 44,000ಕ್ಕಿಂತ ಹೆಚ್ಚಿಲ್ಲವೆಂದು ಧೈರ್ಯದಿಂದ ಹೇಳಬಲ್ಲೆವು. ಭೌತವಿಜ್ಞಾನದಲ್ಲಿ ಅನಿಶ್ಚಯವೆಂದರೆ ಅಜ್ಞಾನವಲ್ಲ. ಅದು ಬೇಲಿ ಹಾಕಿದ ಅಜ್ಞಾನ. ಬೇಲಿಯೊಳಗೆ ಎಷ್ಟೇ ಕತ್ತಲಿದ್ದರೂ ಹೊರಗೆ ನಿಂತು ಕೆಲಸ ಮಾಡಬಹುದು.

ಅದೇ ಸಂಜೆ ನಿರ್ಬಂಧವನ್ನು ಮೇ 17ರ ವರೆಗೆ ಮುಂದುವರಿಸಿದ ಕೇಂದ್ರ ಸರ್ಕಾರದ ಆಜ್ಞೆ ಹೊರಬಿದ್ದಿತು. ದೂರವಾಣಿ ಮತ್ತೆ ಮೊಳಗಿತು, ಸಿರುಗುಪ್ಪದಿಂದಲೇ. “ಸಾರ್, ಪರೀಕ್ಷೆಗೂ ಒಂದು ಹೆಚ್ಚುಕಡಮೆ ಬರೆಯಬಹುದೇ?” ಬರೆಯೋಣವೆಂದು ಕುಳಿತೆವು. ಮೇ 17ರ ಒಳಗೆ ನಡೆಯುವಂತಿಲ್ಲ. ವೇಳಾಪಟ್ಟಿ ಪ್ರಕಟಿಸಿದ ಮೇಲೂ ಮಕ್ಕಳು ಊರಿನಿಂದ ಊರಿಗೆ ಬರಲು ಕೆಲವು ದಿನ ಕೊಡಲೇಬೇಕು. ಆದುದರಿಂದ ಮೇ ತಿಂಗಳು ಬಹುಮಟ್ಟಿಗೆ ತನ್ನದೇ. ಮೇಲಿನ ಮಿತಿ ತಿಳಿಯದು. ಕೆಳಗಿನ ಮಿತಿ ತಿಳಿಯಿತು. ನಾಲ್ಕು ವಾರಗಳ ಓದಿನ ಪಟ್ಟಿ ಮಾಡಿಕೊಳ್ಳುವುದಕ್ಕೆ ಅದು ಸಾಕಾಗಿತ್ತು. ಭತ್ತದ ಬೆಲೆಗೆ ನಾವು ಬೇಲಿ ಹಾಕಲಾರದೆ ಹೋದೆವು. ಅದನ್ನೂ ಆಕೆ ಕೇಳಿದ್ದಳು. ಎಲ್ಲ ಚಿಂತೆಗೂ ತೂಗುಗುಂಡು ಇಳಿಯುವುದಿಲ್ಲ.

ಇಂಗ್ಲಿಷ್ ಪರೀಕ್ಷೆ 2020ರ ಜೂನ್ 18ರಂದು ನಡೆಯಿತು. ಮೂವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಬರೆದರು.

ನೆರಳಿಲ್ಲದ ನಡುಹಗಲು ಪ್ರತಿ ವರ್ಷವೂ ಬರುತ್ತದೆ: ಬಳ್ಳಾರಿಗೆ ಮೇ 1ರಂದು, ಮತ್ತೆ ಆಗಸ್ಟ್ 11ರ ಸುಮಾರಿಗೆ, ಬೆಂಗಳೂರಿಗೆ ಏಪ್ರಿಲ್ 24ರ ಹೊತ್ತಿಗೆ, ಧಾರವಾಡಕ್ಕೆ ಮೇ 2ಕ್ಕೆ, ಕಲಬುರಗಿಗೆ ಮೇ 8ರ ಆಸುಪಾಸಿಗೆ. ವಾಚಕರು ದೂರದ ಊರಿನ ಸ್ನೇಹಿತರೊಬ್ಬರನ್ನು ಜೊತೆಮಾಡಿಕೊಳ್ಳಲಿ. ಊರು ಉತ್ತರ ದಕ್ಷಿಣವಾಗಿ ದೂರವಿದ್ದಷ್ಟೂ ಉತ್ತರ ಸ್ಪಷ್ಟ. ಬೆಳಕಿಂಡಿಯಿಲ್ಲದ ಮನೆಯಲ್ಲಿ ತಗಡಿನ ಮಾಡಿನ ಹಳೆಯ ಮೊಳೆತೂತು ಆದೀತು. ಬೇಕಾಗುವುದು ಒಂದು ದಬ್ಬಣ, ಒಂದು ದಾರ, ಒಂದು ಸೀಮೆಸುಣ್ಣ. ತೂಗುಗುಂಡಿಗೆ ಮಾತ್ರ ಕೀಲಿಕೈಯನ್ನು ಕಟ್ಟಬೇಡಿರಿ.